ಮೇಡಮ್ಮನ ಬೀಗ

"ತಲೆ ಕಡೆಯೋರು ಇನ್ನೂ ಸ್ವಲ್ಪ ಮೇಲೆತ್ತಿ. ಗೋಡೆಗೆ ತಾಗುತ್ತೆ, ನಿಧಾನ... ಹೋಲ್ಡಾನ್, ಹೋಲ್ಡಾನ್... ಹಾಂ, ರೈಟ್!"

ಮಾತು ಬಾಯಿಂದ ಜಾರಿದ ಮೇಲೆ ಕಂಡಕ್ಟರ್ ತುಟಿ ಕಚ್ಚಿಕೊಂಡ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕೂಗಿದ ನಾಲಿಗೆ, ಎಲ್ಲಿ ಏನು ಹೇಳಬೇಕೆಂದು ಕೇಳುವುದಿಲ್ಲ. ಸ್ಟ್ರೆಚರ್ ಹಿಡಿದ ನಾಲ್ವರಲ್ಲಿ ಯಾರೂ ನಗಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಬೆನ್ನು ಬಗ್ಗಿಸಿ, ಅವನ ಹೆಂಡತಿಯನ್ನು ಎರಡನೇ ಮಹಡಿಯಿಂದ ಅಂಗಳಕ್ಕೆ ಇಳಿಸಿ, ಕಲ್ಲುಬೆಂಚಿನ ಮೇಲೆ ಮಲಗಿಸಿದರು.

ವಠಾರದಲ್ಲಿ ಇಪ್ಪತ್ತನಾಲ್ಕು ಮನೆ, ಮೂರು ಅಂತಸ್ತು, ನಡುವೆ ಒಂದು ಅಂಗಳ, ಅಂಗಳಕ್ಕೆ ಒಂದೇ ನಲ್ಲಿ. ಹದಿನೇಳನೇ ಮನೆಯ ಈಕೆ ಸಂಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ವಠಾರದವರ ಬಾಯಲ್ಲಿ ಮೇಡಮ್ಮ. ಮೊನ್ನೆ ಜ್ವರದಲ್ಲೇ ಶಾಲು ಹೊದ್ದು ಕೆಳಗಿಳಿದು ನೀರಿನ ಸರದಿ ಕರೆದಿದ್ದಳು. ಸಂಜೆಗೆ ಆಸ್ಪತ್ರೆ. ನಿನ್ನೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

"ಅಪ್ಪ, ವ್ಯಾನಿನೋನು ಮುಖ್ಯರಸ್ತೇಲಿ ನಿಂತಿದ್ದಾನೆ," ಎಂದಳು ಮಗಳು. "ಸ್ಮಶಾನದ ಆಫೀಸಲ್ಲಿ ಹನ್ನೆರಡಕ್ಕೆ ಬರಹೇಳಿದ್ದಾರೆ. ಈಗಲೇ ಹನ್ನೊಂದಾಯ್ತು."

ಅವಳ ಮಾತು ಮುಗಿಯುವುದಕ್ಕೂ ಗೋಡೆಯೊಳಗಿನ ಪೈಪು ಕೆಮ್ಮುವುದಕ್ಕೂ ಸರಿಹೋಯಿತು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಗೊರಗೊರ ಸದ್ದು. ಅಂಗಳದಲ್ಲಿ ನೆರೆದಿದ್ದ ಐವತ್ತು ಜನರ ತಲೆ ಒಟ್ಟಿಗೇ ನಲ್ಲಿಯ ಕಡೆ ತಿರುಗಿ, ನಾಚಿಕೆಯಿಂದ ಒಟ್ಟಿಗೇ ಬೆಂಚಿನ ಕಡೆ ಮರಳಿತು.

ಇವತ್ತು ನೀರಿನ ದಿನ. ಬಂದರೆ ಒಂದೂವರೆ ಗಂಟೆ. ಬಿಟ್ಟರೆ ಇನ್ನು ನಾಳಿದ್ದೇ. ಮನೆಯಲ್ಲಿ ಎಳೆಗೂಸು ಇದ್ದವರಿದ್ದರು, ಹಾಸಿಗೆ ಹಿಡಿದ ಮುದುಕರಿದ್ದವರಿದ್ದರು. ಬಾಯಿ ಬಿಡದೆ ಎಲ್ಲರೂ ಒಂದೇ ಲೆಕ್ಕ ಹಾಕುತ್ತಿದ್ದದ್ದು ಕಂಡಕ್ಟರನಿಗೆ ತಿಳಿಯಿತು. ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯುತ್ತಾರೆಂದು ಮುಖ ನೋಡಿಯೇ ಹೇಳುತ್ತಿದ್ದ ಮನುಷ್ಯ ಅವನು.

ಕೊನೆಗೆ ಬಾಯಿ ಬಿಟ್ಟವನು ಮೂರನೇ ಮನೆಯ ಲಾರಿ ಯಜಮಾನ. ವಯಸ್ಸು ಎಪ್ಪತ್ತು ದಾಟಿದ್ದರೂ ದನಿ ಇನ್ನೂ ಹಾರನ್ನಿನಂಥದ್ದೇ. "ಬೇಜಾರು ಮಾಡ್ಕೋಬೇಡಿ ಕಂಡಕ್ಟರೇ. ನಲ್ಲಿಯ ಬೀಗದ ಕೈ ಕೊಡಿ. ಮೊನ್ನೆ ಹಿಡಿದ ನೀರು ನಿನ್ನೆಯೇ ಖಾಲಿ. ನನ್ನಿಂದ ಶುರು ಮಾಡಿ ಬೇಗ ಬೇಗ ಮುಗಿಸಿಬಿಡೋಣ."

"ನಿನ್ನಿಂದ ಯಾಕಪ್ಪಾ?" ಒಂಬತ್ತನೇ ಮನೆಯ ಹೊಲಿಗೆಯಮ್ಮ ಸೆರಗಿನಿಂದ ಕಣ್ಣೊರೆಸುತ್ತಿದ್ದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಮೊನ್ನೆ ಸರದಿ ಹದಿನೇಳನೇ ಮನೆಗೆ ನಿಂತಿದ್ದು. ಇವತ್ತು ಹದಿನೆಂಟು. ಅವರು ಕಣ್ಮುಚ್ಚಿ ಒಂದು ದಿನ ಆಗಿಲ್ಲ, ಆಗಲೇ ನಿನ್ನ ದರ್ಬಾರು ಶುರುವಾಯ್ತಾ?"

"ದರ್ಬಾರು ಅಂತೆ! ಹೊತ್ತಾಗುತ್ತೆ ಅಂತ ಹೇಳಿದ್ರೆ..."

"ಹೊತ್ತಾಗೋದು ನಿನಗೊಬ್ಬನಿಗೇನಾ?" ಮೇಲಿನ ಮಹಡಿಯಿಂದ ಇನ್ನೊಂದು ದನಿ. ಅದಕ್ಕೆ ಕೆಳಗಿನಿಂದ ಮತ್ತೊಂದು. ನೋಡುನೋಡುತ್ತಿದ್ದಂತೆ ಮೂರು ಅಂತಸ್ತೂ ಮಾತಿಗೆ ಮಾತು ಬೆಳೆಸಿತು. ಯಾರದೋ ಕೊಡ ಯಾರದೋ ಮೊಣಕಾಲಿಗೆ ತಗುಲಿತು. ಗದ್ದಲದ ನಡುವೆ ಮೇಡಮ್ಮ ಬಿಳಿ ಹೊದಿಕೆಯೊಳಗೆ ಸುಮ್ಮನೆ ಮಲಗಿದ್ದಳು.

*

ಇಪ್ಪತ್ತೆರಡು ವರ್ಷದ ಕೆಳಗೆ ಕಂಡಕ್ಟರ್, ಮೇಡಮ್ಮ ಇಬ್ಬರೂ ಈ ವಠಾರಕ್ಕೆ ಬಂದ ವಾರವೇ ಹೊಲಿಗೆಯಮ್ಮನ ಹಣೆ ಒಡೆದಿತ್ತು. ನೀರಿನ ಜಗಳದಲ್ಲಿ ಹಿತ್ತಾಳೆ ಕೊಡದ ಏಟು, ಆರು ಹೊಲಿಗೆ. "ಊರಿನೋರ ಬಟ್ಟೆಗೆಲ್ಲ ನಾನು ಹಾಕ್ತಿದ್ದೆ, ಈಗ ನನಗೇ ಹಾಕಿದ್ರು," ಎಂದು ಅವಳೇ ನಕ್ಕಿದ್ದಳು. ಆಗ ನಲ್ಲಿಯ ಪಕ್ಕ ಲಾರಿ ಯಜಮಾನ ಕೈಯಲ್ಲಿ ದೊಣ್ಣೆ ಹಿಡಿದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವನಿಗೆ ಬೇಕಾದವರು ಮೊದಲು.

ಮುಂದಿನ ಭಾನುವಾರ ಮೇಡಮ್ಮ ಮನೆಮನೆಗೆ ಹೋಗಿ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಮೆಟ್ಟಿಲ ಮೇಲೆ ನಿಂತು, ಕಾಲೇಜಿನಲ್ಲಿ ನಿಂತ ಹಾಗೆಯೇ ಶುರುಮಾಡಿದಳು: "ರಾಜ್ಯ ಅಂದ್ರೇನು?"

ಕಂಡಕ್ಟರನಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನಿಸಿತ್ತು.

"ಮೇಡಮ್ಮ, ನಮಗೆ ಪಾಠ ಬೇಡ, ನೀರು ಬೇಕು," ಎಂದರು ಯಾರೋ.

"ಎರಡೂ ಒಂದೇ ಪ್ರಶ್ನೆ ಕಣ್ರೀ. ಯಾರಿಗೆ ಏನು ಸಿಗುತ್ತೆ, ಯಾವಾಗ, ಹೇಗೆ ಅಂತ ತೀರ್ಮಾನ ಮಾಡೋದೇ ರಾಜಕೀಯ ಅಂತ ಒಬ್ಬ ಹೇಳಿದ್ದಾನೆ. ಇನ್ನೊಬ್ಬ ಅವನಿಗಿಂತ ಹಳಬ. ಅವನು ಹೇಳೋದು, ಎಲ್ಲರನ್ನೂ ತಡೆಯೋ ಒಂದು ಶಕ್ತಿ ಇಲ್ಲದಿದ್ರೆ ಎಲ್ಲರೂ ಎಲ್ಲರ ಮೇಲೂ ಬೀಳ್ತಾರೆ. ಆ ಭಯಕ್ಕೇ ಜನ ಕೂಡಿ ರಾಜ್ಯ ಕಟ್ಟಿಕೊಂಡ್ರು ಅಂತ."

ಹೊಲಿಗೆಯಮ್ಮ ಹಣೆಯ ಪಟ್ಟಿ ಮುಟ್ಟಿಕೊಂಡಳು. "ಅವನೂ ಯಾವುದೋ ವಠಾರದಲ್ಲೇ ಇದ್ದ ಅಂತ ಕಾಣುತ್ತೆ."

"ಬಡವರ ಕಡೆಯವನು ಒಬ್ಬ ಇದ್ದ. ರಾಜ್ಯ ಅಂದ್ರೆ ಉಳ್ಳವರ ಕೆಲಸ ನೋಡ್ಕೊಳ್ಳೋ ಕಮಿಟಿ ಅಂದ."

"ಸರಿಯಾಗೇ ಹೇಳಿದ್ದಾನೆ," ಎಂದರು ಮೂರನೇ ಅಂತಸ್ತಿನವರು. "ಕೆಳಗಿನ ಮನೆಯೋರ ಕಮಿಟಿ!"

"ಮತ್ತೊಬ್ಬನ ಪ್ರಕಾರ, ಒಂದು ಜಾಗದಲ್ಲಿ ದೊಣ್ಣೆ ಎತ್ತೋ ಹಕ್ಕು ಯಾರೊಬ್ಬರಿಗೆ ಮಾತ್ರ ಇರುತ್ತೋ ಅದೇ ರಾಜ್ಯ."

ಲಾರಿ ಯಜಮಾನ ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತ. "ನೋಡಿದ್ರಾ? ಓದಿದೋರೇ ಹೇಳ್ತಿದ್ದಾರೆ. ಈ ವಠಾರಕ್ಕೆ ನಾನೇ ರಾಜ್ಯ."

"ಪೂರ್ತಿ ಕೇಳಿ ಯಜಮಾನರೇ. ಬರೀ ದೊಣ್ಣೆ ಇದ್ರೆ ಸಾಲದು, ಆ ಹಕ್ಕು ಅವನದು ಅಂತ ಉಳಿದವರೂ ಒಪ್ಪಿರಬೇಕು ಅಂತಾನೆ." ಅವಳು ಸುತ್ತ ನೋಡಿದಳು. "ಒಪ್ಪಿರೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಯಜಮಾನ ತಿರುಗಿ ನೋಡಿದ. ಅವನ ಹೆಂಡತಿ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಆಕಾಶ ನೋಡುತ್ತಿದ್ದಳು.

ಅವತ್ತೇ ಸರದಿ ಗೊತ್ತಾಯಿತು. ಮನೆಗೆ ನಾಲ್ಕು ಕೊಡ. ನಿಂತಲ್ಲಿಂದ ಮುಂದಿನ ಸಲ ಶುರು. ನಲ್ಲಿಗೊಂದು ಕಬ್ಬಿಣದ ಗೂಡು ಮಾಡಿಸಿ ಬೀಗ ಹಾಕಿದರು. ಬೀಗದ ಕೈ ಮೇಡಮ್ಮನ ಸೊಂಟಕ್ಕೆ ಹೋಯಿತು. ಯಜಮಾನ ನಾಲ್ಕು ತಿಂಗಳು ಅವಳ ಜೊತೆ ಮಾತು ಬಿಟ್ಟ, ಸರದಿ ಮಾತ್ರ ಬಿಡಲಿಲ್ಲ.

*

"ಬೀಗದ ಕೈ ಎಲ್ಲಿ ಕಂಡಕ್ಟರೇ?" ಯಜಮಾನ ಮತ್ತೆ ಕೇಳಿದ. "ನನಗೆ ಬೇಡಪ್ಪ, ಹೊಲಿಗೆಯಮ್ಮನಿಗೇ ಕೊಡಿ. ಯಾರಾದ್ರೂ ಒಬ್ಬರು ತೆಗೀಲಿ. ನೀರು ನಮಗೋಸ್ಕರ ಕಾಯುತ್ತಾ?"

ಕಂಡಕ್ಟರ್ ಎದ್ದ. ವಠಾರದ ಸಭೆಗಳಲ್ಲಿ ಇಷ್ಟು ವರ್ಷ ಒಂದು ಮಾತೂ ಆಡದೆ ಮೂಲೆಯಲ್ಲಿ ಕೂರುತ್ತಿದ್ದ ಅವನು ಜನರ ನಡುವೆ ದಾರಿ ಮಾಡಿಕೊಂಡು ನಲ್ಲಿಯ ಹತ್ತಿರ ಹೋದ. ಅವನ ಕೈಯಲ್ಲಿ ಏನೂ ಇರಲಿಲ್ಲ. ಬೀಗವನ್ನು ಹಿಡಿದು ಕೆಳಕ್ಕೆ ಎಳೆದ. ಬೀಗ ಬಾಯಿ ತೆರೆದು ಅವನ ಅಂಗೈಗೆ ಬಂತು.

ಗದ್ದಲ ಅಲ್ಲೇ ನಿಂತಿತು.

"ಇದು ಕೆಟ್ಟು ಒಂಬತ್ತು ವರ್ಷ ಆಯ್ತು," ಎಂದ. "ಒಳಗಿನ ಸ್ಪ್ರಿಂಗ್ ಹೋಗಿದೆ. ಹೊಸದು ತರ್ತೀನಿ ಅಂದೆ. ಅವಳು ಬೇಡ ಅಂದ್ಲು. ದಿನಾ ಸುಮ್ನೆ ಕೀಲಿ ತಿರುಗಿಸಿದ ಹಾಗೆ ಮಾಡ್ತಿದ್ಲು ಅಷ್ಟೇ."

ಲಾರಿ ಯಜಮಾನ ಕುತ್ತಿಗೆ ಕೆರೆದುಕೊಂಡ.

"ನನಗೆ ಗೊತ್ತಿತ್ತು," ಎಂದ.

"ಏನು?" ಎಂದಳು ಹೊಲಿಗೆಯಮ್ಮ.

"ಏಳೆಂಟು ವರ್ಷದ ಹಿಂದೆ. ಮಗಳ ಮದುವೆ ಹೊತ್ತು, ಮನೆ ತುಂಬ ನೆಂಟರು. ಮಧ್ಯಾಹ್ನ ಹೊತ್ತಲ್ಲದ ಹೊತ್ತಲ್ಲಿ ಪೈಪು ಸದ್ದು ಮಾಡ್ತು, ಎಲ್ಲರೂ ಮಲಗಿದ್ರು. ಎರಡು ಕೊಡ ಹಿಡ್ಕೊಳ್ಳೋಣ ಅಂತ ಬಂದು ಬೀಗ ಅಲ್ಲಾಡಿಸಿದೆ. ಕೈಗೇ ಬಂತು."

"ಹಿಡ್ಕೊಂಡ್ಯಾ?"

"ಇಲ್ಲ. ಮತ್ತೆ ಒತ್ತಿ ಇಟ್ಬಿಟ್ಟೆ."

"ಯಾಕೆ?"

ಯಜಮಾನ ಯೋಚಿಸಿದ. ಅವನಿಗೆ ನಿಜವಾಗಿಯೂ ತಿಳಿದಂತಿರಲಿಲ್ಲ. "ಬೀಗ ಇತ್ತಲ್ಲ," ಎಂದ.

ಹೊಲಿಗೆಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡರೆ, ನಗುತ್ತಿದ್ದಳು. "ನನಗೂ ಗೊತ್ತಿತ್ತು ಕಣೋ. ಮೊಮ್ಮಗು ಆಟ ಆಡ್ತಾ ಎಳೆದುಬಿಟ್ಟಿತ್ತು. ಅದರ ಬೆನ್ನಿಗೊಂದು ಕೊಟ್ಟು, ವಾಪಸ್ಸು ಸಿಕ್ಕಿಸಿ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿಕೊಂಡಿದ್ದೆ."

"ನಾನೂ ನೋಡಿದ್ದೆ," ಎಂದರು ಮೇಲಿನಿಂದ. ಇನ್ನೊಬ್ಬರು ಸುಮ್ಮನೆ ತಲೆಯಾಡಿಸಿದರು. ತಮಗೊಬ್ಬರಿಗೇ ಗೊತ್ತಿದೆ ಎಂದು ಇಷ್ಟು ವರ್ಷ ಗುಟ್ಟು ಕಾದಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

ಕಂಡಕ್ಟರ್ ನಲ್ಲಿ ತಿರುಗಿಸಿದ. ನೀರು ದಪ್ಪಗೆ ಬಿತ್ತು.

"ತುಂಬಿಸ್ಕೊಳ್ಳಿ," ಎಂದ. "ಅವಳು ಕಾಯ್ತಾಳೆ."

"ಅಪ್ಪ, ಹನ್ನೆರಡಕ್ಕೆ..." ಎಂದಳು ಮಗಳು.

"ಆಫೀಸಿಗೆ ಫೋನ್ ಮಾಡಿ ಒಂದು ಗಂಟೆಗೆ ಬರ್ತೀವಿ ಅನ್ನಮ್ಮ. ನೀರು ಅರ್ಧಕ್ಕೆ ಬಿಟ್ಟು ನಿಮ್ಮಮ್ಮ ಯಾವತ್ತಾದ್ರೂ ಎಲ್ಲಿಗಾದ್ರೂ ಹೊರಟಿದ್ದಾಳಾ?"

ಮಗಳು ಕಣ್ಣೊರೆಸಿಕೊಂಡು ಫೋನ್ ತೆಗೆದಳು. ಹೊಲಿಗೆಯಮ್ಮ ಗಂಟಲು ಸರಿಮಾಡಿಕೊಂಡು ಕೂಗಿದಳು: "ಹದಿನೆಂಟು!"

ಹದಿನೆಂಟನೇ ಮನೆಯವರು ಕೊಡ ತಂದರು. ಆಮೇಲೆ ಹತ್ತೊಂಬತ್ತು. ಸದ್ದು ಮಾಡಬಾರದೆಂದು ಎಲ್ಲರೂ ಕೊಡವನ್ನು ನೆಲಕ್ಕೆ ತಾಗಿಸದೆ ಹಿಡಿದಿದ್ದರು. ಬೆಂಚಿನ ಪಕ್ಕ ಹಾಯುವಾಗ ನಡೆ ನಿಧಾನವಾಗುತ್ತಿತ್ತು. ಆದರೂ ನೀರು ತುಳುಕಿ ಅಂಗಳವೆಲ್ಲ ಒದ್ದೆಯಾಯಿತು.

ಆ ಹೊತ್ತಿಗೆ ಹೆಗಲಿಗೆ ಚೀಲ ಹಾಕಿಕೊಂಡ ಪೋಸ್ಟ್‌ಮ್ಯಾನ್ ಒಬ್ಬ ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಬೆಂಚಿನ ಮುಂದೆ ಕೈಮುಗಿದು ನಿಂತ. ಈ ಬೀದಿಯವನಲ್ಲ. ಚೀಲದಲ್ಲಿ ಇನ್ನೂ ಕಾಗದಗಳಿದ್ದವು.

"ಮೇಡಂ ಹತ್ರ ಸಂಜೆ ಕಾಲೇಜಲ್ಲಿ ಓದಿದೋನು ಸಾರ್," ಎಂದು ಕಂಡಕ್ಟರನ ಪಕ್ಕ ಕೂತ. "ಬೆಳಗ್ಗೆ ಸುದ್ದಿ ಗೊತ್ತಾಯ್ತು. ಕಾಗದ ಹಂಚೋ ಲೈನ್ ಮುಗಿಸಿ ಬರೋಣ ಅಂದ್ಕೊಂಡೆ, ಕಾಲು ಕೇಳಲಿಲ್ಲ." ಸ್ವಲ್ಪ ಹೊತ್ತು ನೀರಿನ ಸಾಲು ನೋಡಿದ. "ಮೊದಲನೇ ಪಾಠವೇ ರಾಜಕೀಯ ಎಂದರೇನು. ದಿನವಿಡೀ ದುಡಿದು ಬಂದಿರ್ತಿದ್ವಿ, ನಿದ್ದೆ ಎಳೆಯೋದು. ಏಳು ವ್ಯಾಖ್ಯೆ ಹೇಳಿಕೊಡ್ತಿದ್ರು. ಆರಕ್ಕೆ ಚಿಂತಕರ ಹೆಸರು, ಕಾಲ, ದೇಶ ಎಲ್ಲಾ ಇರೋದು. ಏಳನೇದಕ್ಕೆ ಮಾತ್ರ ಹೆಸರು ಹೇಳ್ತಿರಲಿಲ್ಲ. ಆದ್ರೆ ನಮ್ಮ ತಲೇಲಿ ಉಳಿದಿದ್ದು ಅದೊಂದೇ."

"ಏನದು?"

"'ಇಳಿಯೋ ಜಾಗ ಎಲ್ಲರದೂ ಬೇರೆ ಬೇರೆ, ಬಸ್ಸು ಮಾತ್ರ ಒಂದೇ. ಇಳಿಯೋವರೆಗೂ ಒಬ್ಬರನ್ನೊಬ್ಬರು ತಳ್ಳದೆ ಹೋಗೋದು ಹೇಗೆ ಅನ್ನೋದೇ ರಾಜಕೀಯ.'"

ಕಂಡಕ್ಟರ್ ಅಲುಗಾಡದೆ ಕೂತ.

*

ಅದು ಡ್ಯೂಟಿ ಮುಗಿಸಿ ಬಂದ ಒಂದು ಸಂಜೆ. ಹಬೆಯಾಡುವ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಅವನು ಕೂತಿದ್ದ. ಅವಳು ಎದುರಿಗೆ ಪುಸ್ತಕಗಳನ್ನು ಹರಡಿಕೊಂಡಿದ್ದಳು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಎಂಟನೇ ಕ್ಲಾಸಿಗೇ ಓದು ಬಿಟ್ಟ ಅವನಿಗೆ ಆ ಪುಸ್ತಕಗಳ ಬೆನ್ನು ನೋಡಿದರೂ ಒಂಥರಾ ಅಳುಕು.

"ರೀ, ರಾಜಕೀಯ ಅಂದ್ರೆ ಏನು ಅಂತ ನಿಮ್ಮನ್ನ ಕೇಳಿದ್ರೆ ಏನು ಹೇಳ್ತೀರಿ?"

"ನನ್ನನ್ಯಾಕೆ ಕೇಳ್ತೀಯ? ಆ ದಪ್ಪ ಪುಸ್ತಕಾನೇ ಕೇಳು."

"ಅದನ್ನ ಕೇಳಾಯ್ತು. ಈಗ ನಿಮ್ಮನ್ನ."

ಅವತ್ತು ಬಸ್ಸಿನಲ್ಲಿ ಎರಡು ಜಗಳ ಬಿಡಿಸಿದ್ದ. ಅದೇ ಗುಂಗಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ. ಅವಳ ಪೆನ್ನು ನಿಂತಿತು. ಅವನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ, "ಊಟ ಆರಿಹೋಗುತ್ತೆ, ಏಳಿ," ಎಂದು ಎದ್ದು ಒಳಗೆ ಹೋದಳು.

ಪೆದ್ದುಪೆದ್ದಾಗಿ ಏನೋ ಹೇಳಿಬಿಟ್ಟೆ ಎಂದು ಅವನು ಅಂದುಕೊಂಡ. ಅವಳ ಓದಿನ ವಿಷಯದಲ್ಲಿ ಮತ್ತೆಂದೂ ಬಾಯಿ ಹಾಕಲಿಲ್ಲ. ಸಭೆಗಳಲ್ಲಿ ಮೂಲೆ ಹಿಡಿದದ್ದೂ ಆ ಸಂಜೆಯಿಂದಲೇ ಇರಬೇಕು.

*

"ಅವರ್ಯಾರು ಅಂತ ಲೈಬ್ರರಿ ಎಲ್ಲಾ ಜಾಲಾಡಿದ್ವಿ ಸಾರ್," ಪೋಸ್ಟ್‌ಮ್ಯಾನ್ ಹೇಳುತ್ತಿದ್ದ. "ಸಿಗಲಿಲ್ಲ. ನಮ್ಮ ಜೊತೆಯೋನೊಬ್ಬ ಪರೀಕ್ಷೇಲಿ 'ಹತ್ತೊಂಬತ್ತನೇ ಶತಮಾನದ ಮಹಾನ್ ಚಿಂತಕ' ಅಂತ ಬರೆದು ಬಂದ. ಮೇಡಂ ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ 'ಶತಮಾನ ತಪ್ಪು' ಅಂತ ಬರೆದಿದ್ರು. ನಿಮಗೇನಾದ್ರೂ ಹೇಳಿದ್ರಾ, ಅವರ್ಯಾರು ಅಂತ?"

"ಇಲ್ಲಪ್ಪ," ಎಂದ ಕಂಡಕ್ಟರ್. "ನನಗೆ ಹೇಳಲೇ ಇಲ್ಲ ಅವಳು."

ಬಗ್ಗಿ, ಅವಳ ಕಾಲ ಬಳಿ ಗಾಳಿಗೆ ಸರಿದಿದ್ದ ಹೊದಿಕೆಯ ಅಂಚನ್ನು ಸರಿಮಾಡಿದ. ಸರಿಮಾಡಿದ ಮೇಲೂ ಕೈ ತೆಗೆಯಲಿಲ್ಲ.

ಮುಕ್ಕಾಲು ಗಂಟೆ ಕಳೆಯಿತು. ಲಾರಿ ಯಜಮಾನ ತನ್ನ ಸರದಿಗೆ ಬಂದು ನಾಲ್ಕೇ ಕೊಡ ತುಂಬಿಸಿಕೊಂಡು ಹೋದ. ನೀರು ಸಣ್ಣದಾಗುತ್ತ ಬಂದಿತ್ತು. ಹದಿನಾಲ್ಕು, ಹದಿನೈದು, ಹದಿನಾರು.

"ಹದಿನೇಳು!" ಎಂದು ಕೂಗಿದ ಮೇಲೆ ಹೊಲಿಗೆಯಮ್ಮ ನಾಲಿಗೆ ಕಚ್ಚಿಕೊಂಡಳು.

"ನಮ್ಮದು ಇರಲಿ," ಎಂದ ಕಂಡಕ್ಟರ್. "ಹೊರಡೋಣ."

"ಅದು ಹೇಗೆ ಇರುತ್ತೆ?" ಲಾರಿ ಯಜಮಾನ ಗದರಿದ. "ಸರದಿ ಅಂದ್ರೆ ಸರದಿ. ನಾಳೆ ಬೆಳಗ್ಗೆ ಮುಖ ತೊಳೆಯೋಕೆ ಏನು ಮಾಡ್ತೀರಿ?" ಅವನೇ ಮೆಟ್ಟಿಲು ಹತ್ತಿ ಹೋಗಿ ಎರಡು ಕೈಯಲ್ಲೂ ಕೊಡ ಹಿಡಿದು ಇಳಿದ. ನಾಲ್ಕು ಕೊಡ ಅವನು, ಪೋಸ್ಟ್‌ಮ್ಯಾನ್ ಸೇರಿ ತುಂಬಿಸಿ ಮೇಲೆ ಹೊತ್ತರು. ಕೊನೆಯ ಕೊಡ ತುಂಬುವಷ್ಟರಲ್ಲಿ ನೀರು ನೂಲಿನಂತಾಗಿ ನಿಂತುಹೋಯಿತು.

"ಬೀಗದ ಕೈ ಏನು ಮಾಡೋಣ ಅಪ್ಪ?" ಮಗಳು ಮೆಲ್ಲಗೆ ಕೇಳಿದಳು.

"ನಾಳಿದ್ದು ನೀರು ಬರುತ್ತಲ್ಲ, ಎಲ್ಲರೂ ಸೇರಿದಾಗ ಕೇಳೋಣ."

ನಾಲ್ವರು ಸ್ಟ್ರೆಚರ್ ಎತ್ತಿದರು. ಹೊರಗೆ ಗಲ್ಲಿ ಉರಿಬಿಸಿಲಿನಲ್ಲಿ ಬೆಳ್ಳಗೆ ಒಣಗಿ ಬಿದ್ದಿತ್ತು. ಇಪ್ಪತ್ತನಾಲ್ಕು ಮನೆಯವರೂ ಒದ್ದೆ ಕಾಲಿನಲ್ಲೇ ಹಿಂದೆ ಹೊರಟರು. ಗಲ್ಲಿಯುದ್ದಕ್ಕೂ ದೊಡ್ಡ ಹೆಜ್ಜೆ, ಸಣ್ಣ ಹೆಜ್ಜೆ, ಕುಂಟುವ ಹೆಜ್ಜೆ, ಬರಿಗಾಲು, ಚಪ್ಪಲಿಗಾಲು ಕಪ್ಪಗೆ ಮೂಡುತ್ತ ಹೋದವು. ಮುಖ್ಯರಸ್ತೆಯಲ್ಲಿ ವ್ಯಾನಿಗೆ ಒರಗಿ ನಿಂತಿದ್ದ ಡ್ರೈವರ್ ಎದುರು ಬರುತ್ತಿದ್ದ ಜನರನ್ನು ನೋಡಿದ, ಅವರ ಹಿಂದಿನ ಒದ್ದೆ ನೆಲ ನೋಡಿದ, ಕೈಯನ್ನು ಹಣೆಗೆ ಅಡ್ಡ ಹಿಡಿದು ಮೋಡವಿಲ್ಲದ ಆಕಾಶವನ್ನೊಮ್ಮೆ ನೋಡಿದ.