ಹಿಂದೆ ನಿಲ್ಲುವವಳು

ಹಸಿರು ಚಾಪೆಯ ಅಂಚನ್ನು ಸ್ಮಿತಾ ಬಗ್ಗಿ ಎತ್ತುತ್ತಿದ್ದಾಗ ಗಂಡ ಶರಣ ಬಂದು ಅವಳ ರಟ್ಟೆ ಹಿಡಿದ.

"ಏನ್ ಮಾಡಾಕತ್ತಿ? ಎಲ್ಲಾರೂ ನೋಡ್ತಾರ."

"ಮಣ್ಣು ಎಲ್ಲೈತಿ ಅಂತ ನೋಡಾಕತ್ತೇನಿ."

ಮಣ್ಣು ಅಲ್ಲೇ ಇತ್ತು. ಗುಂಡಿ ತೋಡಿ ತೆಗೆದ ಕೆಂಪು ಮಣ್ಣನ್ನು ಪಕ್ಕದಲ್ಲಿ ಗುಡ್ಡೆ ಹಾಕಿ, ಬಂದವರ ಕಣ್ಣಿಗೆ ಬೀಳದಿರಲೆಂದು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹೊದಿಸಿದ್ದರು. ಈ ದೇಶದವರು ಸಾವಿಗೂ ಇಸ್ತ್ರಿ ಹಾಕಿ ಇಡುತ್ತಾರೆ. ಗುನ್ನೆಲ್‌ಳ ಶವಪೆಟ್ಟಿಗೆ ಇನ್ನೂ ಗುಂಡಿಯ ಬಾಯಿಯ ಮೇಲೆ, ಅಗಲವಾದ ಪಟ್ಟಿಗಳ ಮೇಲೆ ಕೂತಿತ್ತು. ಪಾದ್ರಿಯ ಪ್ರಾರ್ಥನೆ ಮುಗಿದು, ಎಲ್ಲರೂ ಒಂದೊಂದು ಹೂವಿಟ್ಟು, ಕಾರುಗಳ ಕಡೆ ಹೊರಟಿದ್ದರು. ಚರ್ಚಿನ ಹಾಲ್‌ನಲ್ಲಿ ಊಟವಿತ್ತು.

"ಇನ್ನೂ ಒಳಗ ಇಳಿಸೇ ಇಲ್ಲಲ್ರೀ. ಹಿಂಗ ಮ್ಯಾಲೆ ಬಿಟ್ಟು ಹೋಗೂದಾ?"

"ನಾವು ಹೋದ ಮ್ಯಾಲೆ ಮಷೀನ್‌ಲೆ ಇಳಸ್ತಾರ. ಇಲ್ಲಿ ಪದ್ಧತಿನೇ ಹಂಗ. ನಡಿ."

"ನಾ ಮಣ್ಣು ಕೊಡದ ಬರಂಗಿಲ್ಲ."

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ಶರಣ ಆಕಾಶ ನೋಡಿದ. ಅವನಿಗೂ ಗೊತ್ತಿಲ್ಲದ್ದಲ್ಲ. ಬಾಗಲಕೋಟೆ ಕಡೆ ಸತ್ತವರ ಮನೆಗೆ ಹೊರಟವರು 'ಮಣ್ಣಿಗೆ ಹೊಂಟೇವಿ' ಎನ್ನುತ್ತಾರೆ. ಲಿಂಗಾಯತರ ಹೆಣ್ಣುಮಗಳಿಗೆ ಒಂದು ಹಿಡಿ ಮಣ್ಣು ಹಾಕದೆ ತಿರುಗಿ ಬರುವುದೆಂದರೆ ಹೋಗಿಯೂ ಹೋಗದ ಹಾಗೆ.

ದೂರದಲ್ಲಿ ಮಣ್ಣೆಳೆಯುವ ಯಂತ್ರಕ್ಕೆ ಒರಗಿ ನಿಂತಿದ್ದ ಸ್ಮಶಾನದ ಕೆಲಸಗಾರ ಹತ್ತಿರ ಬಂದ. ಮರ್ಯಾದಸ್ಥ. ಟೋಪಿ ತೆಗೆದು ಹೇಳಿದ: "ಜನ ಇರುವಾಗ ಇಳಿಸುವ ಹಾಗಿಲ್ಲ, ಮ್ಯಾಮ್. ಮನೆಯವರು ಕೇಳಿಕೊಂಡರೆ ಮಾತು ಬೇರೆ. ನೀವು ಮನೆಯವರೇ?"

ಸ್ಮಿತಾ ಚಾಪೆಯ ಅಂಚು ಬಿಟ್ಟು, ಕಾರುಗಳ ಕಡೆ ನಡೆಯುತ್ತಿದ್ದವರಲ್ಲಿ ಗುನ್ನೆಲ್‌ಳ ಮನೆಯವರನ್ನು ಹುಡುಕಿದಳು.

*

ಗುನ್ನೆಲ್ ವರ್ಜೀನಿಯಾದ ಸೆಂಟರ್‌ವಿಲ್‌ನ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದಳು. ಹುಟ್ಟಿದ್ದು ಸ್ವೀಡನ್ನಿನ ಉತ್ತರದಲ್ಲಿ, ಮರ ಕೊಯ್ಯುವ ಕಾರ್ಖಾನೆಯಿದ್ದ ಒಂದು ಊರಿನಲ್ಲಿ. ಹೆಣ್ಣುಮಕ್ಕಳು ಚೆಂಡೊದ್ದರೆ ಜನ ನಗುತ್ತಿದ್ದ ಕಾಲ. ಅಣ್ಣನ ಬೂಟಿಗೆ ಬಟ್ಟೆ ತುರುಕಿಕೊಂಡು ಆಡಿದಳು. ಮುಂದೆ ದೇಶದ ಹಳದಿ ಅಂಗಿ ತೊಟ್ಟು ವರ್ಷಾನುಗಟ್ಟಲೆ ಡಿಫೆನ್ಸ್‌ನಲ್ಲಿ, ಗೋಲು ಕಾಯುವ ಹಿಂದಿನ ಸಾಲಿನಲ್ಲಿ ನಿಂತಳು. ಆಮೇಲೆ ಅಟ್ಲಾಂಟಾದ ಒಂದು ಕ್ಲಬ್ಬು, ಅದಾದ ಮೇಲೆ ಕೆರೊಲೈನಾದ ಒಂದು ಕಾಲೇಜು. ಮೊಣಕಾಲು ಕೈಕೊಟ್ಟ ಮೇಲೆ ವರ್ಜೀನಿಯಾ.

ಅಷ್ಟು ವರ್ಷ ಆಡಿಯೂ ದೇಶಕ್ಕಾಗಿ ಒಂದು ಗೋಲು ಹೊಡೆದವಳಲ್ಲ. ಸ್ಮಿತಾ ಇದನ್ನು ಮೈದಾನದ ಅಂಚಿನಲ್ಲಿ ನಿಂತು ಕೇಳಿ ಅಯ್ಯೋ ಪಾಪ ಅಂದುಕೊಂಡಿದ್ದಳು. ತನ್ನ ಮಗಳು ಚೈತನ್ಯಾಳನ್ನೂ ಹಿಂದೆ ನಿಲ್ಲಿಸಿದಾಗ ಜಗಳಕ್ಕೇ ಹೋದಳು.

"ಅಕಿನ್ನೂ ಮುಂದ ಆಡ್ಸ್ರಿ" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಗುನ್ನೆಲ್ ನಕ್ಕಳು. "ಮುಂದೆ ಓಡುವುದಕ್ಕೆ ಎಲ್ಲರೂ ಇದ್ದಾರೆ. ಎಲ್ಲರೂ ಓಡಿದ ಮೇಲೆ ಹಿಂದೆ ಉಳಿಯುವ ಧೈರ್ಯ ನಿನ್ನ ಮಗಳಿಗಿದೆ."

ತೊಂಬತ್ತಾರರಲ್ಲಿ, ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಣ್ಣುಮಕ್ಕಳ ಫುಟ್‌ಬಾಲ್ ಇಟ್ಟಾಗ, ತಂಡವನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಅಟ್ಲಾಂಟಾ ಕಡೆಗೆ ಹೋದಳು. ಹುಡುಗಿಯರು ಗೋಲಿಗೆ ಕುಣಿದರೆ ಆಟಗಾರ್ತಿಯರು ತಡೆದ ಪ್ರತಿ ಚೆಂಡಿಗೂ ಇವಳು ಚಪ್ಪಾಳೆ ಹೊಡೆದಳಂತೆ. ಸುತ್ತಲಿನವರು ಇವಳಿಗೆ ಆಟವೇ ಗೊತ್ತಿಲ್ಲ ಅಂದುಕೊಂಡರಂತೆ.

*

ಅದಕ್ಕೂ ಮೊದಲಿನ ವರ್ಷ ಸ್ಮಿತಾಳ ಅಪ್ಪ ಶಿವಬಸಪ್ಪ ಬಾಗಲಕೋಟೆಯಲ್ಲಿ ತೀರಿಕೊಂಡಿದ್ದರು. ಗ್ರೀನ್ ಕಾರ್ಡಿನ ಅರ್ಜಿ ನಡುನೀರಿನಲ್ಲಿತ್ತು. ಈಗ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದು ಖಾತ್ರಿಯಿಲ್ಲ ಎಂದ ವಕೀಲ. ಸ್ಮಿತಾ ಹೋಗಲಿಲ್ಲ. ಅಪ್ಪನ ಮಣ್ಣು ಅವಳಿಲ್ಲದೆ ಮುಗಿಯಿತು.

ಚೈತನ್ಯಾ ಆಟಕ್ಕೆ ಬರಲಿಲ್ಲವೆಂದು ಗುನ್ನೆಲ್ ಮನೆಗೇ ಬಂದಳು. ವಿಷಯ ತಿಳಿದು ತಾಯಿ ಮಗಳಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಕರೆದೊಯ್ದಳು. ಮಗಳನ್ನು ಆಡಲು ಕಳಿಸಿ ಸ್ಮಿತಾಳ ಪಕ್ಕ ಹುಲ್ಲಿನ ಮೇಲೆ ಕೂತಳು.

"ಅಳು. ಇಲ್ಲಿ ಯಾರೂ ನಿನ್ನನ್ನು ನೋಡುವುದಿಲ್ಲ. ಎಲ್ಲರ ಕಣ್ಣೂ ಚೆಂಡಿನ ಮೇಲೆ."

ಸ್ಮಿತಾ ಅತ್ತಳು. ಅಳು ನಿಂತ ಮೇಲೆ ಗುನ್ನೆಲ್ ಹೇಳಿದಳು: "ನನ್ನ ಅಮ್ಮನನ್ನು ಹೂಳಿದ ದಿನ ನಾನು ಅಟ್ಲಾಂಟಾದಲ್ಲಿ ಆಡುತ್ತಿದ್ದೆ. ಅವತ್ತು ಯಾರನ್ನೂ ಗೋಲಿನ ಹತ್ತಿರ ಬಿಡಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು. ಹೋಗಬೇಕಾಗಿತ್ತು, ಸ್ಮಿತಾ. ನಮ್ಮಲ್ಲೂ ಪೆಟ್ಟಿಗೆಯ ಮೇಲೆ ಮಣ್ಣು ಹಾಕುತ್ತಾರೆ."

*

"ಅಲ್ಲಿ ಅವ್ರ ಅಣ್ಣ ಹೊಂಟಾರ್ರೀ. ಅವ್ರು ಕೇಳಿದ್ರ ಇಳಸ್ತಾರ," ಎಂದಳು ಸ್ಮಿತಾ.

ಸ್ವೀಡನ್ನಿನಿಂದ ಬಂದಿದ್ದ ಅಣ್ಣ ಲೆನ್ನಾರ್ಟ್, ತಮ್ಮ ಕಡೆಯ ಪದ್ಧತಿಯಂತೆ ಬಿಳಿ ಟೈ ಕಟ್ಟಿದ್ದ ಮುದುಕ, ಆಗಲೇ ಕಾರಿನ ಬಾಗಿಲಿಗೆ ಕೈ ಹಾಕಿದ್ದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಂತು, ನಡೆ ಎಂದರೆ ನಡೆದಿದ್ದ.

"ಪಾಪ, ಅವ್ರಿಗೆ ಏನಂತ ತಿಳಿಸಿ ಹೇಳ್ತಿ?" ಶರಣ ಕೇಳಿದ. "ಸಾಕು ಬಿಡು. ಆ ಮಷೀನಿನ ಮನಷ್ಯಾನೂ ಕಾಯಾಕತ್ತಾನ."

ಅಪ್ಪನ ಪಕ್ಕ ನಿಂತಿದ್ದ ಚೈತನ್ಯಾ ಮುಂದೆ ಬಂದಳು. "ನಾವ್ ಹೋದ್ರ ಕೋಚ್ ಒಬ್ರೇ ಆಗ್ತಾರ, ಅಪ್ಪ. ದಟ್ಸ್ ನಾಟ್ ಫೇರ್."

ಚಾಪೆ ಎತ್ತಿ ಬೊಗಸೆ ತುಂಬ ಕೆಂಪು ಮಣ್ಣು ಬಾಚಿಕೊಂಡು ಓಡಿದಳು. ಕರಿಯ ಉಡುಪಿನ ಹುಡುಗಿ ಸಮಾಧಿಗಳ ನಡುವೆ ಓಡುವುದನ್ನು ಜನ ತಿರುಗಿ ನೋಡಿದರು. ಮುದುಕನ ಮುಂದೆ ನಿಂತು ಬೊಗಸೆ ಚಾಚಿದಳು, ಆಮೇಲೆ ಗುಂಡಿಯ ಕಡೆ ತೋರಿಸಿದಳು. ಅವನು ಮಣ್ಣನ್ನೊಮ್ಮೆ, ಹುಡುಗಿಯ ಮುಖವನ್ನೊಮ್ಮೆ ನೋಡಿದ. ಕಾರಿನ ಬಾಗಿಲು ಮುಚ್ಚಿ ಅವಳ ಹಿಂದೆ ನಡೆದು ಬಂದ. ಕೆಲಸಗಾರನಿಗೆ ತಲೆಯಾಡಿಸಿ "ಪ್ಲೀಸ್" ಎಂದ.

ಪಟ್ಟಿಗಳು ಸಡಿಲಾದವು, ಪೆಟ್ಟಿಗೆ ನಿಧಾನವಾಗಿ ಕೆಳಗಿಳಿಯಿತು. ಅಷ್ಟರಲ್ಲಿ ತಂಡದ ಹುಡುಗಿಯರೂ ಒಬ್ಬೊಬ್ಬರಾಗಿ ಹಿಂತಿರುಗಿದ್ದರು. ಅಣ್ಣ ಮೊದಲು ಹಾಕಿದ, ಆಮೇಲೆ ಹುಡುಗಿಯರು. ಸ್ಮಿತಾ ತನ್ನ ಹಿಡಿ ಮಣ್ಣು ಬಿಟ್ಟಾಗ ಕೆಳಗಿನಿಂದ ಬಂದ ಸದ್ದಿಗೆ ಅವಳೆದೆ ಹಗುರಾಯಿತು. ಕೈ ಕೊಡವಿಕೊಂಡು ಹಿಂದೆ ಸರಿದಳು.

ಚೈತನ್ಯಾ ಸರಿಯಲಿಲ್ಲ. ಇನ್ನೊಂದು ಹಿಡಿ ತೆಗೆದು ತಾಯಿಯ ಕೈ ಬಿಡಿಸಿ ಅದರಲ್ಲಿಟ್ಟಳು.

"ಇದು ಅಜ್ಜಂದು, ಅವ್ವ."

ಸ್ಮಿತಾ ಗಂಡನ ಕಡೆ ನೋಡಿದಳು. ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ಬಿಳಿ ಟೈಯ ಮುದುಕನಿಗೆ ಏನು ತಿಳಿಯಿತೋ, ಗುಂಡಿಯ ಅಂಚಿನಲ್ಲಿ ಅವಳಿಗೆ ಜಾಗ ಬಿಟ್ಟು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ಸ್ಮಿತಾ ಕುಕ್ಕರಗಾಲಿನಲ್ಲಿ ಕೂತು ಕೈ ಕೆಳಗೆ ಚಾಚಿದಳು. ಮುಷ್ಟಿ ಮಾತ್ರ ಬಹಳ ಹೊತ್ತು ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಕೆಂಪು ಮಣ್ಣು ತಾನಾಗಿಯೇ ಸಣ್ಣಗೆ ಸುರಿಯುತ್ತಿತ್ತು.