ಅರವತ್ತಾರರ ಕಲ್ಲು

ತೆಂಗಿನ ಮರಗಳು ಹಿಂದಕ್ಕೆ ಓಡುತ್ತಿವೆ, ನಡುವೆ ಒಂದು ತುಂಡು ರಾಗಿ ಹೊಲ, ಮತ್ತೆ ತೆಂಗು, ಜಾವಗಲ್ ಇನ್ನೂ ಬಂದಿಲ್ಲ, ಭುಜದ ಮೇಲೆ ದೇವೀರಮ್ಮನ ತಲೆ — ಬಸ್ಸು ಕುಲುಕಿದಾಗಲೆಲ್ಲ ಹೆಂಡತಿಯ ತಲೆ ಜಾರುತ್ತದೆ, ಷಡಕ್ಷರಪ್ಪ ಭುಜವನ್ನು ಒಂದಿಷ್ಟು ಎತ್ತಿ ಹಿಡಿಯುತ್ತಾನೆ, ತೋಳು ಜೋಮು ಹಿಡಿದಿದೆ, ಹಿಡಿಯಲಿ, ರೈಲಿನಲ್ಲಿ ಮೂರು ದಿನ ಕಣ್ಣು ಮುಚ್ಚದವಳು ಅರಸೀಕೆರೆಯಲ್ಲಿ ಬಸ್ಸು ಹತ್ತಿದ್ದೇ ನಿದ್ದೆ ಹೋಗಿದ್ದಾಳೆ. ಆ ಹೊಲದ ಮೂಲೆಯ ಬಾಂದುಕಲ್ಲು ವಾಲಿದೆ, ಉಳುವಾಗ ಟ್ರಾಕ್ಟರ್ ತಗುಲಿರಬೇಕು. ಸರ್ವೆಯರ್ ಕೆಲಸದಿಂದ ನಿವೃತ್ತನಾಗಿ ಎಂಟು ತಿಂಗಳಾದರೂ ಕಣ್ಣು ಮೊದಲು ಹೋಗುವುದು ಕಲ್ಲಿಗೇ, ಮೂವತ್ತೈದು ವರ್ಷ ಸರಪಳಿ ಎಳೆದು ಜನರಿಗೆ ಅವರವರ ಸರಹದ್ದು ತೋರಿಸಿದವನು, ನೆಲ ಅಲ್ಲಾಡುವುದಿಲ್ಲ, ಅಲ್ಲಾಡಿಸುವವರು ಮನುಷ್ಯರು ಎಂದು ನಂಬಿಕೊಂಡಿದ್ದವನು, ಗಂಗೋತ್ರಿಯ ಮೇಲೆ ಹಿಮಕ್ಕೂ ಬಾಂದು ಇಟ್ಟಿದ್ದಾರೆ ಸಾರ್ ಎಂದು ಶರತ್ಚಂದ್ರ ಹೇಳಿದಾಗ ನಕ್ಕಿದ್ದ. ಬೇಲೂರಿನವರು ಶರತ್ಚಂದ್ರ, ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದವರು, ಯಾತ್ರೆಯ ಗುಂಪಿಗೆಲ್ಲ ದಾರಿಯುದ್ದಕ್ಕೂ ಅವರದೇ ಮಾತು — ಹಿಮಯುಗದಲ್ಲಿ ಈ ಕಣಿವೆಯೆಲ್ಲ ಹಿಮದಡಿ ಇತ್ತು, ನಾವು ಜೀಪು ಇಳಿದ ಜಾಗಕ್ಕಿಂತ ಎಷ್ಟೋ ಕೆಳಗಿನವರೆಗೆ, ಆಮೇಲೆ ಭೂಮಿ ಬೆಚ್ಚಗಾಯಿತು, ಹಿಮ ಹಿಂದೆ ಸರಿಯುತ್ತಾ ಹೋಯಿತು, ಬಿಟ್ಟುಹೋದದ್ದು ಬರೀ ಬಂಡೆ, ಬಂಡೆಯ ಬಿರುಕಿನಲ್ಲಿ ಪಾಚಿ, ಪಾಚಿ ಸತ್ತು ಚಿಟಿಕೆ ಮಣ್ಣು, ಮಣ್ಣಿಗೆ ಹುಲ್ಲು, ಹುಲ್ಲಾದ ಮೇಲೆ ಮರ. ಹತ್ತುತ್ತಾ ಹೋದರೆ ಅದನ್ನೇ ತಿರುಗುಮುರುಗಾಗಿ ನೋಡುತ್ತೀರಿ. ಹಾಗೇ ಆಯಿತು, ಮರ ಮುಗಿದು ಹುಲ್ಲು, ಹುಲ್ಲು ಮುಗಿದು ಬಂಡೆ. ನಮ್ಮ ಕಡೆ ಹಿಮ ಇರಲಿಲ್ಲ, ಆದರೂ ಇಲ್ಲಿ ಹಿಮ ಕರಗಿದ ಕಾಲಕ್ಕೇ ನಮ್ಮ ಮುಂಗಾರು ಬಲವಾದದ್ದು ಎಂದರು ಅವರು, ಕುದುರೆಯ ಮೇಲೆ ಕೂತಿದ್ದ ದೇವೀರಮ್ಮ ಕೇಳಿಸಿಕೊಂಡಳು, ಹಂಗಾದ್ರೆ ನಮ್ ರಾಗಿಗೂ ಇಲ್ಲಿಗೂ ನಂಟೈತೆ ಅನ್ನಿ.

ಕುದುರೆ ನಿಲ್ಲುವ ಕಡೆ ಅವಳು ಚಹದ ಡೇರೆಯಲ್ಲಿ ಉಳಿದಳು, ಮುಂದೆ ನಡಿಗೆಯೇ, ನಿನ್ ಕೈಲಾಗಲ್ಲ ಬಿಡು ಎಂದ ಅವನು, ಎಷ್ಟು ವರ್ಷದಿಂದ ಅದೇ ಮಾತು — ಕಣಕಟ್ಟೆಯಲ್ಲಿದ್ದಾಗ ಅವನು ಅಳೆಯುತ್ತಿದ್ದ ಹೊಲಕ್ಕೆ ಬುತ್ತಿ ತರುತ್ತಾ ಕೆರೆ ಏರಿಯಿಂದ ಜಾರಿ ಮಂಡಿ ಕೆಡಿಸಿಕೊಂಡವಳು, ಆ ಬುತ್ತಿ ಉಂಡವನು ಅವನು, ಆಮೇಲೆ ಮದುವೆ ಮುಂಜಿಗೂ ಅವಳನ್ನು ಮನೆಯಲ್ಲೇ ಬಿಟ್ಟು ಹೋದವನೂ ಅವನೇ. ಬ್ಯಾಗ ಬಂದ್ಬಿಡಿ ಕಣ್ರೀ ಎಂದಿದ್ದಳು, ಹ್ಞೂಂ ಎಂದಿದ್ದ. ದಾರಿಯಲ್ಲಿ ಆ ಬಂಡೆ, ಮೇಲೆ ಬಣ್ಣದಲ್ಲಿ 1966, ಆ ವರ್ಷ ಹಿಮದ ಅಂಚು ಇಲ್ಲಿಯವರೆಗೆ ಇತ್ತಂತೆ, ಅವನು ಹುಟ್ಟಿದ ವರ್ಷ, ಎದುರಿಗೆ ನೋಡಿದರೆ ಹಿಮ ಎಲ್ಲೋ ದೂರದಲ್ಲಿ ಬೂದುಬಣ್ಣಕ್ಕೆ ನಿಂತಿದೆ, ತನ್ನ ಒಂದು ಆಯಸ್ಸಿನಲ್ಲಿ ಇಷ್ಟೊಂದು ನೆಲ ಬಯಲಾಯಿತೇ, ಎಷ್ಟಿರಬಹುದು, ಅಳೆಯದೆ ಹೇಗೆ ಬಿಡುವುದು — ನೀವು ನಡೀರಿ ಎಂದು ಉಳಿದವರನ್ನು ಕಳಿಸಿ, ದಾರಿ ಬಿಟ್ಟು ನೇರ ಗೆರೆಯಲ್ಲಿ ಹೆಜ್ಜೆ ಎಣಿಸುತ್ತಾ ಹೊರಟ, ಇನ್ನೂರ ಹನ್ನೊಂದನೆಯ ಹೆಜ್ಜೆಗೆ ಕಲ್ಲು ಉರುಳಿತು, ಕಾಲು ಉಳುಕಿತು, ಮಂಜು ಇಳಿಯಿತು. ಕೂಗಿದ, ನೀರಿನ ಸದ್ದು ಅದನ್ನು ನುಂಗಿತು, ಗುಂಪಿನವರು ಇವನು ಮೊದಲೇ ಇಳಿದಿರಬೇಕೆಂದು ಹೊರಟೇಹೋಗಿದ್ದರು. ಸುತ್ತ ಒಂದು ಹುಲ್ಲುಕಡ್ಡಿಯಿಲ್ಲ, ನಿನ್ನೆ ಮೊನ್ನೆ ಹುಟ್ಟಿದ ಭೂಮಿ, ಚಳಿಗೆ ಕೈ ಸೆಟೆದುಕೊಂಡಿತು, ಆಗ ಹೆದರಿಕೆಯಾಯಿತು, ಸಾಯುವುದಕ್ಕಲ್ಲ, ಡೇರೆಯಲ್ಲಿ ಅವಳು ಕಾಯುತ್ತಿರುವುದಕ್ಕೆ. ಅವಳು ಕಾಯಲಿಲ್ಲ. ಬಂದವರಲ್ಲಿ ಅವನಿಲ್ಲ ಎಂದು ಕಂಡಿದ್ದೇ ಯಾರದೋ ಕೋಲು ತೆಗೆದುಕೊಂಡು ಹೊರಟುಬಿಟ್ಟಳಂತೆ, ತಡೆದ ಶರತ್ಚಂದ್ರರಿಗೆ ನೀವು ಕುದ್ರೆ ತಗಂಡು ಹಿಂದೆ ಬನ್ನಿ ಎಂದಳಂತೆ, ಮಂಜು ಸ್ವಲ್ಪ ಹರಿದಾಗ ಕೆಳಗೆ ಬಂಡೆಗಳ ನಡುವೆ ಏನೋ ಕೆಂಪಗೆ — ಜಾವಗಲ್, ಜಾವಗಲ್ ಇಳೀರಿ, ಕಂಡಕ್ಟರ್ ಕೂಗುತ್ತಾನೆ, ದೇವೀರಮ್ಮ ಅರ್ಧ ಕಣ್ಣು ತೆರೆಯುತ್ತಾಳೆ, ಹಳೇಬೀಡು ಬಂತಾ, ಇನ್ನೂ ಇಲ್ಲ ಕಣೇ, ಮಲಕ್ಕೋ, ಎಂದವನು ತಡೆದು, ಇನ್ಮೇಲೆ ಎಲ್ಲೋದ್ರೂ ಇಬ್ರೂ ಹೋಗಾನ ಎನ್ನುತ್ತಾನೆ, ನಾನು ನಿಧಾನ ಕಣ್ರೀ ಎನ್ನುತ್ತಾಳೆ ಅವಳು, ನಿಧಾನಕ್ಕೇ ಹೋಗಾನ, ಅವಳು ಅವನ ಮುಖ ನೋಡಿ ಮತ್ತೆ ಭುಜಕ್ಕೆ ಒರಗುತ್ತಾಳೆ, ಬಸ್ಸು ಹೊರಡುತ್ತದೆ, ಮರಗಳು ಓಡುತ್ತವೆ, ಅವನಿಗೆ ಮರ ಕಾಣುವುದಿಲ್ಲ — ಆ ಕೆಂಪು ಸ್ವೆಟರು, ಸೀರೆಯ ಮೇಲೆ ಹಾಕಿದ್ದು, ಒಂದು ಬಂಡೆಗೆ ಬಂದು ಕೂರುತ್ತದೆ, ಏಳುತ್ತದೆ, ಮಂಜಿನಲ್ಲಿ ಮುಚ್ಚಿಹೋಗುತ್ತದೆ, ಇನ್ನೊಂದು ಬಂಡೆಯ ಹತ್ತಿರ ಮತ್ತೆ ಕಾಣುತ್ತದೆ, ಕೂರುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ, ಏಳುತ್ತದೆ, ಕೊನೆಗೆ ಎದುರಿಗೆ ನಿಂತು ಏದುಸಿರಿನಲ್ಲಿ, ಅಳತೆ ಮುಗೀತಾ, ಎಂದು ಕೇಳುವುದಕ್ಕೆ ಮುಂಚೆ — ಆ ಬೋಳು ಕಲ್ಲುಗಳ ನಡುವೆ, ಕೂತು, ಎದ್ದು, ಮೇಲಕ್ಕೆ ಬರುತ್ತಿರುವ ಆ ಕೆಂಪು.