ಸಿಳ್ಳೆಯ ವಿಳಾಸ

ಅತ್ತೆಯ ಮೈನಾ ಹಾರಿಹೋಯಿತು. ಬರೀ ಹಕ್ಕಿಯಾಗಿದ್ದರೆ ಇನ್ನೊಂದನ್ನು ತಂದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಆದರೆ ತೀರಿಕೊಂಡ ಮಾವ ಸಂಜೆ ಮೆಟ್ಟಿಲು ಹತ್ತುತ್ತ ಹಾಕುತ್ತಿದ್ದ ಸಿಳ್ಳೆಯನ್ನು ಅದು ಕಲಿತಿತ್ತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೊಂದು ಜಾರು. ಮಾವನದು ಅಂತ ಕೇಳಿಸಿಕೊಳ್ಳಲು ಮನೆಯಲ್ಲಿ ಉಳಿದಿದ್ದು ಅದೊಂದೇ.

"ಅವ್ರು ಆಗ ಅರ್ಧ ಹೋಗಿದ್ರು, ಈಗ ಪೂರ್ತಿ ಹೋದ್ರು ಕಣೇ," ಎಂದು ಅತ್ತೆ ಖಾಲಿ ಪಂಜರ ಒರೆಸುತ್ತ ಹೇಳಿದರು. ನನ್ನನ್ನು ಸಾಕಿದ ಸೋದರತ್ತೆ. ಅವರು ಊಟ ಬಿಟ್ಟರೆ ನಾನೂ ತಟ್ಟೆ ಮುಟ್ಟುವುದಿಲ್ಲ.

ಕೆಲವು ದಿನ ಕಳೆದು ನಸುಕಿನ ಮಂಜಿನಲ್ಲಿ ಸಿಳ್ಳೆ ಮತ್ತೆ ಕೇಳಿಸಿತು. ಎದುರು ಮನೆಯ ದರ್ಜಿಗೂ ಕೇಳಿಸಿತು, ಮೂಲೆ ಮನೆಯ ಹಲ್ಲಿನ ಡಾಕ್ಟರಿಗೂ ಕೇಳಿಸಿತು. ಎಲ್ಲಿಂದ ಅಂದರೆ ಒಬ್ಬರು ಮಾಡು ತೋರಿಸಿದರು, ಇನ್ನೊಬ್ಬರು ಚರಂಡಿ.

ನನಗೋ ಮೂಗಿನ ತುದಿಯಲ್ಲೇ ಕೋಪ. ನಮ್ಮದೂ ಸೇರಿ ಮೂರು ಮನೆಯ ಕಿಟಕಿಗಳಲ್ಲೂ ಮೈಕ್ ಇಟ್ಟು ಹಳೆಯ ಕಂಪ್ಯೂಟರುಗಳಿಗೆ ಜೋಡಿಸಿದೆ. ಸದ್ದು ಯಾವ ಮನೆಗೆ ಮೊದಲು ಬಂತು, ಯಾವುದಕ್ಕೆ ಎಷ್ಟು ತಡವಾಗಿ ಬಂತು ಎಂದು ತಿಳಿದರೆ ಅದು ಹೊರಟ ಜಾಗ ಸಿಗುತ್ತದೆ. ಆದರೆ ಮನೆ ಕಂಪ್ಯೂಟರಿನ ಗಡಿಯಾರವನ್ನು ನಂಬುವ ಹಾಗಿಲ್ಲ. ಒಂದು ಓಡುತ್ತದೆ, ಇನ್ನೊಂದು ತೂಕಡಿಸುತ್ತದೆ. ಅದಕ್ಕೇ ಪ್ರತಿ ಕಿಟಕಿಯ ಹೊರಗೂ ಬೆಂಕಿಪೊಟ್ಟಣದಷ್ಟು ಜಿಪಿಎಸ್ ಪೆಟ್ಟಿಗೆ ಕಟ್ಟಿದೆ. ಅದು ಉಪಗ್ರಹಗಳನ್ನು ಆಲಿಸಿ ಸೆಕೆಂಡಿಗೊಂದು ಮಿಡಿತ ಕಳಿಸುತ್ತದೆ. ಕಂಪ್ಯೂಟರ್ ಆ ಮಿಡಿತ ಹಿಡಿದು ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ಮೂರು ಕಿಟಕಿಗಳಲ್ಲಿ ಮೂರು ಹಸಿರು ದೀಪ ಒಟ್ಟಿಗೆ ಮಿನುಗುವಾಗ, ಬೀದಿಯೇ ನಿದ್ದೆಯಲ್ಲಿ ಉಸಿರಾಡುತ್ತಿದೆ ಅನಿಸುತ್ತಿತ್ತು.

"ದರ್ಜಿ ಮನೆಗೆ ಆಕಾಶದ ಟೈಮ್ ಕಟ್ಟಿದ್ಯಲ್ಲಮ್ಮ," ಎಂದು ದರ್ಜಿ ನಕ್ಕ. "ಇನ್ಮೇಲೆ ಗಿರಾಕಿಗೆ 'ನಾಳೆ ಬಾ' ಅನ್ನೋ ಹಾಗಿಲ್ಲ!"

ಲೆಕ್ಕ ತೋರಿಸಿದ್ದು ದರ್ಜಿ ಮನೆ ಮುಂದಿನ ಬಾದಾಮಿ ಮರವನ್ನು. ಅತ್ತೆ ಕತ್ತಲಿರುವಾಗಲೇ ಎದ್ದು, ಪಂಜರ ಹಿಡಿದು, ಹಣ್ಣಿನ ಹೋಳಿಟ್ಟುಕೊಂಡು ಮರದ ಕೆಳಗೆ ನಿಲ್ಲತೊಡಗಿದರು. ಅವರು ನಿಂತ ದಿನ ಸಿಳ್ಳೆಯೇ ಇಲ್ಲ. ಮೈ ಭಾರವೆಂದು ಮಲಗಿಬಿಟ್ಟ ದಿನ ಸಿಳ್ಳೆ ಬಂತು. ನೆಗಡಿ ಎದೆಗಿಳಿದು ಕೆಮ್ಮು ಹತ್ತಿತು.

"ನಿದ್ದೇಲಿ ಕೇಳುತ್ತೆ, ಎದ್ದೋಗೋಷ್ಟ್ರಲ್ಲಿ ಇಲ್ಲ. ಕಾದ್ರೆ ಬರೋದೇ ಇಲ್ಲ," ಎಂದರು ಅತ್ತೆ. "ನನ್ ಮೇಲೆ ಕೋಪ ಇರ್ಬೇಕು."

ಕೋಪ ಹಕ್ಕಿಗೋ ಮಾವನಿಗೋ ತಿಳಿಯಲಿಲ್ಲ. ಸಿಟ್ಟು ಬಂದು ಎಲ್ಲವನ್ನೂ ಮೊದಲಿಂದ ಪರೀಕ್ಷಿಸಿದೆ. ತಪ್ಪು ಸಿಕ್ಕಿತು. ಪ್ರತಿ ಮಿಡಿತಕ್ಕೂ ಒಂದು ಏರು, ಒಂದು ಇಳಿತ ಇರುತ್ತದೆ; ಸೆಕೆಂಡ್ ಹುಟ್ಟುವುದು ಏರಿನಲ್ಲಿ. ದರ್ಜಿಯ ಕಂಪ್ಯೂಟರಿಗೆ ಮಾತ್ರ ನಾನು ಇಳಿತವನ್ನು ಹಿಡಿಯಲು ಹೇಳಿಬಿಟ್ಟಿದ್ದೆ. ಅದರ ಗಡಿಯಾರ ಸೆಕೆಂಡಿನ ಹತ್ತರಲ್ಲೊಂದು ಪಾಲು ಹಿಂದಿತ್ತು. ಅಷ್ಟರಲ್ಲಿ ಸದ್ದು ನಮ್ಮ ಬೀದಿಯನ್ನು ದಾಟಿಬಿಡುತ್ತದೆ.

ತಿದ್ದಿದೆ. ಕಂಪ್ಯೂಟರಿನ ನಕ್ಷೆಯಲ್ಲಿ ಜಾಗ ತೋರಿಸುವ ಚುಕ್ಕೆ ಮರ ಬಿಟ್ಟು, ಬೀದಿ ದಾಟಿ, ನಮ್ಮ ಗೋಡೆಯೊಳಗೆ ಬಂದು ಅತ್ತೆಯ ಕೋಣೆಯಲ್ಲಿ ನಿಂತಿತು. ಮತ್ತೆ ಲೆಕ್ಕ ಹಾಕಿದೆ. ಮತ್ತೆ ಅಲ್ಲೇ.

ಮರುದಿನ ಬೆಳಕು ಹರಿಯುವ ಮುಂಚೆ ಅತ್ತೆಯ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಪರದೆ ಬಟ್ಟೆ ಬೆಳ್ಳಗಾಗುತ್ತಿತ್ತು, ಕಿಟಕಿಯ ಹಸಿರು ದೀಪ ಮಿನುಗುತ್ತಿತ್ತು. ಗಾಢ ನಿದ್ದೆಯಲ್ಲಿದ್ದ ಅತ್ತೆಯ ತುಟಿ ಮೆಲ್ಲಗೆ ದುಂಡಗಾಯಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೊಂದು ಜಾರು. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ದಡಕ್ಕನೆ ಕಣ್ಣು ಬಿಟ್ಟರು. "ಕೇಳಿಸ್ತಾ? ಬಂತು! ಎಲ್ಲೇ?"

"ಇಲ್ಲಿ," ಎಂದು ಅವರ ತುಟಿಯ ಮೇಲೆ ಬೆರಳಿಟ್ಟೆ.

"ಬೆಳಿಗ್ಗೆ ಬೆಳಿಗ್ಗೆ ತಮಾಷೆನಾ?"

ಮೈಕ್ ಹಿಡಿದದ್ದನ್ನು ಕೇಳಿಸಿದೆ. ಮಂಚ ಕಿರುಗುಟ್ಟಿದ್ದು, ಸಿಳ್ಳೆ, ಅದರ ಹಿಂದೆಯೇ ನನ್ನ ಬಿಕ್ಕು, ಅವರದೇ ಮಾತು. ಅತ್ತೆ ಮೂರು ಸಲ ಹಾಕಿಸಿಕೊಂಡು ಕೇಳಿದರು.

"ಅಯ್ಯೋ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ನಲ್ಲೇ," ಎಂದು ನಗುತ್ತ ಕಣ್ಣೊರೆಸಿಕೊಂಡರು. ಆಮೇಲೆ ತುಟಿ ದುಂಡಗೆ ಮಾಡಿ ಊದಿದರು. ಬರೀ ಗಾಳಿ. ಇನ್ನೊಮ್ಮೆ ಊದಿದರು. "ಎಚ್ಚರದಲ್ಲಿ ಬರಲ್ವಲ್ಲೇ."

"ನಿದ್ದೇಲಿ ಬರುತ್ತಲ್ಲ ಅತ್ತೆ."

ಅತ್ತೆ ಪಂಜರದ ಕಡೆ ನೋಡಿದರು. ಆಮೇಲೆ ಗೋಡೆ ಕಡೆ ತಿರುಗಿ ಹೊದಿಕೆ ಎಳೆದುಕೊಂಡರು.

"ಹಾಗಾದ್ರೆ ಎಬ್ಬಿಸ್ಬೇಡ," ಎಂದರು.